ಹುಟ್ಟಿದವನಿಗೆ ಎರಡು ಗುಂಡು

ಫರೀದಾಬಾದ್
14 ನವೆಂಬರ್ 2023

ಶ್ರೀ ಮಹಂತೇಶ ಸವಡಿಯವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿಯದು. ಆದರೆ ಈ ಅಕ್ಷರವನ್ನು ನೀವು ಇಪ್ಪತ್ತೊಂದು ವರ್ಷದಿಂದ ನೋಡುತ್ತಾ ಬಂದಿದ್ದೀರಿ. ನನ್ನ ಗಂಡ ಹವಾಲ್ದಾರ್ ಮಾಚಯ್ಯ ನಿಮಗೆ ಬರೆದ ಪತ್ರಗಳನ್ನೆಲ್ಲ ನಾನೇ ಪ್ರತಿ ಮಾಡುತ್ತಿದ್ದೆ. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ. ಅವರು ರಫ್ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದರು, ನಾನು ಊಟದ ಮೇಜಿನ ಮೇಲೆ ಕೂತು ದುಂಡಗೆ ಬರೆಯುತ್ತಿದ್ದೆ, ಕೆಳಗೆ ಅವರು ಸಹಿ ಹಾಕುತ್ತಿದ್ದರು.

ಅವರು ಸೆಪ್ಟೆಂಬರ್ ಹತ್ತೊಂಬತ್ತರಂದು ತೀರಿಕೊಂಡರು. ನಿಮ್ಮ ಓದುಗರಲ್ಲಿ ಒಬ್ಬರು ಕಡಿಮೆಯಾದರು ಎಂದು ತಿಳಿಸಬೇಕೆನಿಸಿತು.

ನಿಮ್ಮ ಹದಿನಾಲ್ಕು ಕಾದಂಬರಿಗಳೂ ನಮ್ಮ ಕಪಾಟಿನಲ್ಲಿವೆ. ಈಗ ನಾನು ಮೊದಲಿನಿಂದ ಓದುತ್ತಿದ್ದೇನೆ. ‘ಹೊಳೆ ದಾಟಿದ ದಳ’ದಲ್ಲಿ ಹೇಸರಗತ್ತೆಗಳ ಗೊರಸಿಗೆ ಗೋಣಿ ಕಟ್ಟಿ, ಶತ್ರುವಿನ ಮೂಗಿನ ಕೆಳಗೇ ದಾಟಿಸುವ ಅಧ್ಯಾಯ ಬಹಳ ಚೆನ್ನಾಗಿದೆ. ಎಲ್ಲೋ ಕೇಳಿದಂತಿದೆ ಎನಿಸಿತು.

ಇತಿ,
ಚೋಂದಮ್ಮ ಮಾಚಯ್ಯ


ವಸಂತ್ ಕುಂಜ್, ಹೊಸದಿಲ್ಲಿ
25 ನವೆಂಬರ್ 2023

ಸೋದರಿ ಚೋಂದಮ್ಮನವರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಮಾಚಯ್ಯನವರೇ ಎಂದುಕೊಂಡೆ. ಈ ಸಲ ನನ್ನ ಕಾದಂಬರಿಯ ಯಾವ ಕುದುರೆಯ ಕಾಲು ತಿದ್ದಿದ್ದಾರೋ ಎಂದು ನಗುತ್ತಲೇ ಒಡೆದೆ. ಓದಿದ ಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಅಂಥ ಓದುಗರು ಇನ್ನು ಹುಟ್ಟುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತ ಸರಿಸಿದವನು ನಾನು. ಸಂಜೆ ಮನೆಗೆ ಬಂದು ಕತ್ತಿ, ಕೋಟೆ ಎಂದು ಬರೆಯುವಾಗ ನನ್ನನ್ನು ನಂಬಿದವರು ಓದುಗರು ಮಾತ್ರ. ಅದಕ್ಕೇ ಬಂದ ಪ್ರತಿ ಪತ್ರಕ್ಕೂ ಕೈಯಾರೆ ಉತ್ತರ ಬರೆಯುತ್ತೇನೆ. ನನ್ನ ಬಳಗ ಅದೇ.

ಈ ಹೊತ್ತಿನಲ್ಲಿ ಕೇಳಬಾರದು, ಆದರೂ ಕೇಳುತ್ತೇನೆ. ಹೊಸ ಕಾದಂಬರಿ ‘ಕಡಂಗದ ಕಾವಲು’ ನಿಮ್ಮ ಕೊಡಗಿನದು. ಹಳೆಯ ಯುದ್ಧಕಂದಕಗಳನ್ನು ಕಾಯುವ ಉತ್ತಯ್ಯ ಎಂಬ ವೀರನ ಕಥೆ. ರಣರಂಗ ನನಗೆ ಕಷ್ಟವಲ್ಲ. ಮನೆಯೊಳಗಿನದು ಗೊತ್ತಿಲ್ಲ. ಮಗು ಹುಟ್ಟಿದಾಗ ಏನು ಮಾಡುತ್ತಾರೆ, ಹೆಂಗಸರು ಏನು ಮಾತಾಡುತ್ತಾರೆ? ಮಾಚಯ್ಯನವರಿದ್ದಿದ್ದರೆ ಕೇಳದೆಯೇ ನಾಲ್ಕು ಹಾಳೆ ಬರುತ್ತಿತ್ತು. ನಿಮಗೆ ಮನಸ್ಸಾದಾಗ ಬರೆಯಿರಿ.

ವಿಶ್ವಾಸದ,
ಮಹಂತೇಶ ಸವಡಿ


ಫರೀದಾಬಾದ್
3 ಡಿಸೆಂಬರ್ 2023

ಪ್ರೀತಿಯ ಚಿಣ್ಣಮ್ಮಕ್ಕನಿಗೆ ಚೋಂದು ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಗೋಣಿಕೊಪ್ಪದ ಡಾಕ್ಟರು ಕಿವಿಗೆ ಮೆಷಿನ್ ಹಾಕಿಸಿಕೋ ಎಂದರೆ ಹಾಕಿಸಿಕೋ ಅಕ್ಕ, ಫೋನಿನಲ್ಲಾದರೂ ಮಾತಾಡಬಹುದು. ನನಗೆ ಇಲ್ಲಿ ಮಾತಾಡಲು ಯಾರೂ ಇಲ್ಲ. ಡೈರಿಯಲ್ಲಿ ದಿನಕ್ಕೆ ಒಂದು ಸಾಲು ಬರೆಯುತ್ತೇನೆ. ನಿನ್ನೆ ಬರೆದದ್ದು, ‘ಹಾಲು ಅರ್ಧ ಲೀಟರಿಗೆ ಇಳಿಸಿದೆ.’

ನೀನು ಕೇಳಿದ್ದೆಯಲ್ಲ, ಅವರು ಕೊನೆಗೆ ಏಕೆ ಅಷ್ಟು ಮಂಕಾಗಿದ್ದರು ಎಂದು. ಆಗ ಹೇಳಲಿಲ್ಲ. ಈಗ ಹೇಳುತ್ತೇನೆ.

ಆಗಸ್ಟಿನಲ್ಲಿ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆ ಬಂತು. ಅದರಲ್ಲಿ ಆ ಕಾದಂಬರಿಕಾರ ಸವಡಿಯ ಸಂದರ್ಶನ. ಓದುಗರ ಪತ್ರಗಳ ಬಗ್ಗೆ ಕೇಳಿದ್ದಕ್ಕೆ ಅವನು ಹೇಳಿದ್ದು ನನಗೆ ಬಾಯಿಪಾಠವಾಗಿದೆ: ‘ಫರೀದಾಬಾದಿನ ಫ್ಯಾಕ್ಟರಿ ಗೇಟಿನಲ್ಲಿ ಕೂರುವ ಒಬ್ಬ ವಾಚ್‌ಮನ್ ಇದ್ದಾರೆ. ಸೈನ್ಯದಲ್ಲಿ ಹೇಸರಗತ್ತೆ ಕಾಯ್ದವರು. ಈಗ ನನ್ನ ಕುದುರೆಗಳಿಗೆ ಲಗಾಮು ಹಾಕಲು ಬರುತ್ತಾರೆ. ನಗಲಿಕ್ಕೆ ಅಂಥವರೂ ಬೇಕು.’

ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಇಪ್ಪತ್ತನೇ ತಾರೀಖು ಬಳಗದ ಸಭೆಗೆ ಹೋದೆವು. ಕಾರ್ಯದರ್ಶಿ ಅನಂತಮೂರ್ತಿ ಬಾಗಿಲಲ್ಲೇ ನಿಂತು, “ಏನ್ರೀ ಹವಾಲ್ದಾರ್ರೇ, ಹೇಸರಗತ್ತೆ ಎಲ್ಲಿ ಕಟ್ಟಿದ್ರಿ? ಪಾರ್ಕಿಂಗ್ ಸಿಕ್ತಾ?” ಎಂದ. ಇಡೀ ಸಾಲು ನಕ್ಕಿತು. ಇವರೂ ನಕ್ಕರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ಮನೆಗೆ ಬಂದು ಬೂಟು ಬಿಚ್ಚಿ, ಅರ್ಧ ಓದಿದ್ದ ಕಾದಂಬರಿಯನ್ನು ಕಪಾಟಿಗೆ ಸೇರಿಸಿದರು. “ಯಾಕ್ರೀ?” ಎಂದೆ. “ಕಣ್ಣು ನೋಯ್ತಿದೆ,” ಎಂದರು.

ಅದರಿಂದಲೇ ಸತ್ತರು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೃದಯ ಎಂದರು. ಆದರೆ ಕೊನೆಯ ಒಂದು ತಿಂಗಳು ಅವರು ಓದದೆ ಕೂತಿದ್ದರು, ಅಕ್ಕ. ಕುರ್ಚಿಯಲ್ಲಿ, ಕೈ ಎರಡೂ ಮಂಡಿಯ ಮೇಲೆ. ಆ ಒಂದು ತಿಂಗಳಿಗೆ ಅವನು ಉತ್ತರ ಕೊಡಬೇಕು.

ಹೋದ ದಿನ ನಮ್ಮ ಪದ್ಧತಿಯ ಎರಡು ಗುಂಡು ಹಾರಿಸಲೂ ಆಗಲಿಲ್ಲ. ಕೋವಿ ಊರಿನಲ್ಲಿ, ನಾವು ಇಲ್ಲಿ. ಅವರ ಜೊತೆ ಸೈನ್ಯದಲ್ಲಿದ್ದ ಕಾರ್ಯಪ್ಪಣ್ಣ, ಎರಡು ಪಟಾಕಿಯನ್ನಾದರೂ ಸಿಡಿಸಬಹುದೇ ಎಂದು ಸೊಸೈಟಿಯವರನ್ನು ಕೇಳಿದರೆ, “ಅಂಕಲ್ ಜೀ, ಪುಲೀಸ್ ಕೇಸ್ ಹೋ ಜಾಯೇಗಾ,” ಎಂದರು. ಸದ್ದಿಲ್ಲದೆ ಹೋದರು.

ಈಗ ಆ ಮನುಷ್ಯ ನನಗೆ ಪತ್ರ ಬರೆದಿದ್ದಾನೆ. ಹೊಸ ಪುಸ್ತಕಕ್ಕೆ ನಮ್ಮ ಪದ್ಧತಿಗಳು ಬೇಕಂತೆ. ವಾಚ್‌ಮನ್ ಎಂದದ್ದು ಅವನಿಗೆ ನೆನಪೇ ಇಲ್ಲ.

ನಿನ್ನ,
ಚೋಂದು


ಗೋಣಿಕೊಪ್ಪ
22 ಡಿಸೆಂಬರ್ 2023

ಚೋಂದು,

ಮೆಷಿನ್ ಬೇಡ. ಊರಿನವರ ಮಾತೆಲ್ಲ ಕೇಳಿಸಿದರೆ ನಾನು ಬದುಕುವುದು ಹೇಗೆ?

ನಿನ್ನ ಗಂಡ ಒಳ್ಳೆಯವನು, ಅವನ ರೋಗವೂ ಅದೇ. ಕಚ್ಚಿದ ನಾಯಿಗೆ ಬಿಸ್ಕತ್ತು ಹಾಕಿ, ಹಲ್ಲು ನೋಯಿತೇನೋ ಎಂದು ಕೇಳುವವನು. ನೀನು ಹಾಗಲ್ಲ. ಚಿಕ್ಕವಳಿದ್ದಾಗ ನನ್ನ ರಿಬ್ಬನ್ ಕದ್ದವಳ ಚಪ್ಪಲಿಯನ್ನು ಬಾವಿಗೆ ಹಾಕಿ, ಮೂರು ದಿನ ಏನೂ ತಿಳಿಯದವಳಂತೆ ಅವಳ ಜೊತೆಗೇ ಹುಡುಕಿದವಳು ನೀನು.

ಬೈದು ಬರೆಯಬೇಡ. ಬೈದರೆ ಅದನ್ನೂ ಮುಂದಿನ ಕಾದಂಬರಿಗೆ ಹಾಕಿಕೊಳ್ಳುತ್ತಾನೆ. ಕೇಳಿದ್ದಾನಲ್ಲ, ಕೊಡು. ಏನು ಕೊಡಬೇಕೆಂದು ನೀನೇ ನೋಡು.

ಚಿಣ್ಣಮ್ಮ


ಫರೀದಾಬಾದ್
15 ಜನವರಿ 2024

ಮಾನ್ಯ ಸವಡಿಯವರಿಗೆ ನಮಸ್ಕಾರ.

ತಡವಾಯಿತು. ಇಲ್ಲಿ ಚಳಿಗೆ ಬೆರಳು ಬಗ್ಗುವುದಿಲ್ಲ. ನಾನು ಎಸ್ಸೆಸ್ಸೆಲ್ಸಿಯಷ್ಟೇ ಓದಿದವಳು. ನನಗೆ ಗೊತ್ತಿರುವುದನ್ನು ಬರೆದಿದ್ದೇನೆ.

ಒಡಿಕತ್ತಿಯನ್ನು ಗಂಡಸರು ಸೊಂಟದ ಹಿಂದೆ, ಹಿತ್ತಾಳೆಯ ಕೊಂಡಿಯಲ್ಲಿ ಸಿಕ್ಕಿಸುತ್ತಾರೆ. ಪಕ್ಕದಲ್ಲಲ್ಲ. ಇದನ್ನು ನನ್ನ ಗಂಡ ನಿಮಗೆ ಮೂರು ಸಲ ಬರೆದಿದ್ದರು. ಪೀಚೆಕತ್ತಿ ಸಣ್ಣ ಬಾಕು, ಅದು ಮುಂದೆ ಇರುತ್ತದೆ. ಯುದ್ಧಕ್ಕೆ ಹೋದವನ ಹೆಂಡತಿ ಅಳುತ್ತಾ ಕೂರುವುದಿಲ್ಲ, ದನ ಕಟ್ಟುವುದು, ಭತ್ತ ಕುಟ್ಟುವುದು ಅವಳ ಪಾಲಿಗೆ ಬರುತ್ತದೆ, ಅಳಲು ಹೊತ್ತೆಲ್ಲಿ? ಹೆಂಗಸರ ಮಾತಿನಲ್ಲಿ ಯುದ್ಧ ಬರುವುದೇ ಕಡಿಮೆ. ಯಾರ ಮನೆಯ ಹಂದಿ ಯಾರ ಗದ್ದೆಗೆ ನುಗ್ಗಿತು ಎಂಬುದೇ ಹೆಚ್ಚು.

ಗಂಡು ಮಗು ಹುಟ್ಟಿದರೆ ಮನೆಯ ಮುಂದೆ ಎರಡು ಗುಂಡು ಹಾರಿಸುತ್ತಾರೆ. ಒಂದು ಹೆತ್ತವಳಿಗೆ, ಒಂದು ಹುಟ್ಟಿದವನಿಗೆ.

ಬೇರೆ ಏನಾದರೂ ಬೇಕಿದ್ದರೆ ಕೇಳಿ.

ಇತಿ,
ಚೋಂದಮ್ಮ ಮಾಚಯ್ಯ


ಫರೀದಾಬಾದ್
16 ಜನವರಿ 2024

ಅಕ್ಕ,

ಕೊಟ್ಟೆ. ಒಂದನ್ನು ಬಿಟ್ಟು ಎಲ್ಲ ನಿಜವನ್ನೇ ಬರೆದೆ, ನಂಬಿಕೆ ಬರಲೆಂದು. ಗಂಡು ಹುಟ್ಟಿದಾಗ ಹಾರಿಸುವ ಒಂದೇ ಗುಂಡನ್ನು ಎರಡು ಮಾಡಿದೆ. ಏಕೆ ಎರಡು ಎಂಬುದಕ್ಕೆ ಚಂದದ ಮಾತೂ ಒಂದು ಸೇರಿಸಿದೆ. ಅವನಿಗೆ ಚಂದದ ಮಾತು ಇಷ್ಟ. ಅದನ್ನು ಬಿಡುವುದಿಲ್ಲ.

ಪುಸ್ತಕ ಬರಲಿ. ಕೊಡಗಿನವರು ಓದಲಿ. ಅಷ್ಟು ದೊಡ್ಡ ಚಾರಿತ್ರಿಕ ಕಾದಂಬರಿಕಾರನಿಗೆ ಹುಟ್ಟಿಗೂ ಸಾವಿಗೂ ವ್ಯತ್ಯಾಸ ತಿಳಿಯದು ಎಂದು ತುಂಬಿದ ಸಭೆ ನಗಲಿ. ಆಗ ಅವನ ಕೈ ಎಲ್ಲಿರುತ್ತದೆ ಎಂದು ನಾನು ನೋಡಬೇಕು.

ಚೋಂದು


ಗೋಣಿಕೊಪ್ಪ
6 ಫೆಬ್ರವರಿ 2024

ಅಯ್ಯೋ ನನ್ನ ಚೋಂದುವೇ,

ಓದಿ ನಕ್ಕು ನಕ್ಕು ಹಲ್ಲುಸೆಟ್ಟು ಕಳಚಿ ಬಿತ್ತು. ಹೆರಿಗೆ ಮನೆಯಲ್ಲಿ ಎರಡು ಗುಂಡು ಕೇಳಿದರೆ ನಮ್ಮೂರಿನವರು ಬಿಳಿ ಬಟ್ಟೆ ಉಟ್ಟು ಹೆಣ ನೋಡಲು ಬರುತ್ತಾರೆ! ಬಾಣಂತಿಗೆ ತಂದ ತುಪ್ಪ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಬರೆಯಲಿ, ಬರೆಯಲಿ. ಪುಸ್ತಕ ಬಂದರೆ ನನಗೆ ಒಂದು ಕಳಿಸು, ಇಲ್ಲಿ ಎಲ್ಲರಿಗೂ ನಾನೇ ತೋರಿಸುತ್ತೇನೆ.

ಚಿಣ್ಣಮ್ಮ


ವಸಂತ್ ಕುಂಜ್
9 ಏಪ್ರಿಲ್ 2024

ಸೋದರಿ ಚೋಂದಮ್ಮನವರಿಗೆ,

ನಿಮ್ಮ ಪತ್ರ ನನ್ನ ಕಾದಂಬರಿಗೆ ಬೆನ್ನೆಲುಬಾಯಿತು. ಹಂದಿ ಗದ್ದೆಗೆ ನುಗ್ಗಿದ ಜಗಳದಿಂದಲೇ ಮೊದಲ ಅಧ್ಯಾಯ ಶುರುವಾಗುತ್ತದೆ. ಆದರೆ ಆ ಎರಡು ಗುಂಡು! ಅದನ್ನು ಓದಿದ ದಿನ ನಾನು ಬೇರೇನೂ ಮಾಡಲಿಲ್ಲ. ಕಂದಕದಲ್ಲಿ ಗಾಯಗೊಂಡು ಮಲಗಿದ ಉತ್ತಯ್ಯ ದೂರದ ತನ್ನ ಮನೆಯ ಕಡೆಯಿಂದ ಎರಡು ಗುಂಡಿನ ಸದ್ದು ಕೇಳುತ್ತಾನೆ. ‘ಒಂದು ಹೆತ್ತವಳಿಗೆ, ಒಂದು ಹುಟ್ಟಿದವನಿಗೆ’ ಎಂದುಕೊಂಡು ಎದ್ದು ನಿಲ್ಲುತ್ತಾನೆ. ಕಾದಂಬರಿ ಮುಗಿಯುವುದೇ ಅಲ್ಲಿ.

ಸಂಬಂಧಪಟ್ಟ ಅರವತ್ತು ಹಾಳೆಗಳನ್ನು ಕಳಿಸಿದ್ದೇನೆ. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ಕೊಡಗಿನ ಇನ್ನೊಬ್ಬರಿಗೆ ತೋರಿಸಿ ಎಂದು ಪ್ರಕಾಶಕರು ಹೇಳಿದರು. ಮಾಚಯ್ಯನವರ ಮನೆಯಿಂದ ಬಂದದ್ದನ್ನು ಇನ್ನೊಬ್ಬರ ಹತ್ತಿರ ಒರೆ ಹಚ್ಚುವುದೇ, ಬೇಡ ಎಂದೆ.

ವಿಶ್ವಾಸದ,
ಮಹಂತೇಶ ಸವಡಿ


ಫರೀದಾಬಾದ್
2 ಮೇ 2024

ಮಾನ್ಯರೇ,

ಹಾಳೆಗಳನ್ನು ಹಿಂದಿರುಗಿಸಿದ್ದೇನೆ. ನಲವತ್ತೆರಡನೇ ಪುಟದಲ್ಲಿ ಒಡಿಕತ್ತಿಯನ್ನು ಮತ್ತೆ ಎಡಸೊಂಟಕ್ಕೆ ಸಿಕ್ಕಿಸಿದ್ದೀರಿ, ತಿದ್ದಿದ್ದೇನೆ.

ಉಳಿದದ್ದೆಲ್ಲ ಸರಿಯಾಗಿದೆ.

ಚೋಂದಮ್ಮ ಮಾಚಯ್ಯ


ವಸಂತ್ ಕುಂಜ್
20 ಸೆಪ್ಟೆಂಬರ್ 2024

ಸೋದರಿ ಚೋಂದಮ್ಮನವರಿಗೆ,

ನಿನ್ನೆಗೆ ಮಾಚಯ್ಯನವರು ಹೋಗಿ ವರ್ಷವಾಯಿತು, ನೆನಪಿದೆ.

‘ಕಡಂಗದ ಕಾವಲು’ ತಲುಪಿತೇ? ಆರು ವಾರದಲ್ಲಿ ನೂರಕ್ಕೂ ಹೆಚ್ಚು ಪತ್ರ ಬಂದಿವೆ. ನಲವತ್ತು ವರ್ಷದ ಬರವಣಿಗೆಯಲ್ಲಿ ಹೀಗೆಂದೂ ಆಗಿರಲಿಲ್ಲ. ಕೊನೆಯ ಪುಟದ ಎರಡು ಗುಂಡಿಗೆ ಅತ್ತೆವು ಎಂದು ಬಳ್ಳಾರಿಯಿಂದ, ಕಾರವಾರದಿಂದ ಬರೆಯುತ್ತಿದ್ದಾರೆ. ಮುನಿರ್ಕಾದಲ್ಲಿ ರೂಮು ಮಾಡಿಕೊಂಡಿರುವ ನಮ್ಮ ವಿದ್ಯಾರ್ಥಿಗಳು ಐದಾರು ಜನ ಮನೆಗೇ ಬಂದು, ಆ ಪುಟವನ್ನು ನನ್ನಿಂದ ಓದಿಸಿ ಫೋನಿನಲ್ಲಿ ಚಿತ್ರೀಕರಿಸಿಕೊಂಡು ಹೋದರು.

ವಿರಾಜಪೇಟೆಯಿಂದ ಇಬ್ಬರು ಮಾತ್ರ ತಕರಾರು ತೆಗೆದಿದ್ದಾರೆ, ಹುಟ್ಟಿಗೆ ಒಂದೇ ಗುಂಡು ಎಂದು. ‘ನನಗೆ ಹೇಳಿದವರು ಕೊಡವ ಮನೆತನದ ಹಿರಿಯ ಗೃಹಿಣಿ; ಹಳೆಯ ಪದ್ಧತಿ ನಿಮಗೆ ಮರೆತಿರಬಹುದು’ ಎಂದು ಉತ್ತರಿಸಿದೆ. ಮತ್ತೆ ಬರೆಯಲಿಲ್ಲ.

ಡಿಸೆಂಬರ್ ಎಂಟರ ಭಾನುವಾರ ನಮ್ಮ ಬಳಗದವರು ‘ಓದುಗರ ಅಭಿನಂದನೆ’ ಎಂದು ಸಭೆ ಇಟ್ಟಿದ್ದಾರೆ. ಓದುಗರ ಮೆಚ್ಚುಗೆಯ ಲೇಖನಗಳ ಪುಸ್ತಿಕೆಯೂ ಬರುತ್ತದೆ. ಮೊದಲ ಲೇಖನ ನಿಮ್ಮದಾಗಬೇಕು ಎಂದು ಅನಂತಮೂರ್ತಿಯವರಿಗೆ ಹೇಳಿದ್ದೇನೆ. ಬರೆದು ನನಗೇ ಕಳಿಸಿ.

ವಿಶ್ವಾಸದ,
ಮಹಂತೇಶ ಸವಡಿ


ಫರೀದಾಬಾದ್
28 ಅಕ್ಟೋಬರ್ 2024

ಅಕ್ಕ,

ನಿನಗೆ ಪುಸ್ತಕ ಕಳಿಸಲಿಲ್ಲ ಎಂದು ಸಿಟ್ಟಾಗಬೇಡ. ಕಳಿಸುವ ಮನಸ್ಸು ಹೋಯಿತು. ಏಕೆಂದು ಹೇಳುತ್ತೇನೆ.

ಕಾರ್ಯಪ್ಪಣ್ಣನ ಮಗ ಸೃಜನ್‌ಗೆ ಗಂಡು ಮಗುವಾಯಿತು. ಮೊನ್ನೆ ಶನಿವಾರ ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದರು. ವಸಂತ್ ಕುಂಜ್‌ನಲ್ಲಿ ಮೂರನೇ ಮಹಡಿ ಮನೆ. ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಮೆಟ್ರೋದಲ್ಲಿ ಹೋಗಿ, ಆಮೇಲೆ ಆಟೋ ಹಿಡಿದೆ. ಸೊಸೆ ಜೀವಿತಾ ಮೈಸೂರಿನಲ್ಲಿ ಬೆಳೆದವಳು. ಅವಳ ಮಂಚದ ಪಕ್ಕದಲ್ಲೇ ‘ಕಡಂಗದ ಕಾವಲು’ ಇತ್ತು. ಬಸುರಿಯಿದ್ದಾಗ ಅವಳು ಗಟ್ಟಿಯಾಗಿ ಓದುತ್ತಿದ್ದಳಂತೆ, ಕನ್ನಡ ಓದಲು ಬಾರದ ಸೃಜನ್ ಕೇಳುತ್ತಿದ್ದನಂತೆ.

ಎಲ್ಲರೂ ಕೂತಿದ್ದೆವು. ಸೃಜನ್ ಬಾಲ್ಕನಿಗೆ ಹೋದ. ಸುತಲಿ ಬಾಂಬು ಎಂಬ ದೊಡ್ಡ ಪಟಾಕಿ ಒಂದು ಸಿಡಿಯಿತು. ಅದರ ಹಿಂದೆಯೇ ಇನ್ನೊಂದು. ಪಾರಿವಾಳಗಳೆಲ್ಲ ಎದ್ದವು.

ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾರ್ಯಪ್ಪಣ್ಣ ಎದ್ದು ನಿಂತುಬಿಟ್ಟರು. ಎಂಬತ್ತೊಂದು ವರ್ಷ ಅವರಿಗೆ. ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಯಾರು ಹೋದದ್ದು?” ಎಂದರು.

ಕೆಳಗಿನಿಂದ ಗಾರ್ಡು ದಂಡ ಬೀಳುತ್ತದೆಂದು ಕೂಗುತ್ತಿದ್ದ, “ಸಾಬ್, ಪಟಾಖಾ ಬ್ಯಾನ್ ಹೈ! ಚಾಲಾನ್ ಹೋ ಜಾಯೇಗಾ!”

“ಬಸ್ ದೋ ಹೀ ಥೇ, ಭಯ್ಯಾ,” ಎಂದು ನಗುತ್ತಾ ಸೃಜನ್ ಒಳಗೆ ಬಂದ. “ಪಪ್ಪಾ, ಯಾರೂ ಹೋಗಿಲ್ಲ. ಬೇಬಿ ಬಂದಿದೆ! ಟೂ ಶಾಟ್ಸ್. ಒಂದು ಜೀವಿತಾಗೆ, ಒಂದು ಇವನಿಗೆ. ನಮ್ಮ ಕಸ್ಟಮ್ ಅಲ್ವಾ?”

“ಎರಡು ಸಾವಿಗೆ ಕಣೋ. ಮಗು ಹುಟ್ಟಿದ ಮನೆಯಲ್ಲಿ ಎರಡು ಹಾರಿಸ್ತಾರೇನೋ?” ಎಂದರು ಕಾರ್ಯಪ್ಪಣ್ಣ.

“ಬುಕ್‌ನಲ್ಲಿ ಕ್ಲಿಯರಾಗಿ ಇದೆ ಪಪ್ಪಾ. ನಿಮಗೆ ಮರೆತುಹೋಗಿದೆ.”

“ಮಾವ, ಸವಡಿಯವರು ಸುಮ್ಮನೆ ಬರೆಯಲ್ಲ. ಹಿರಿಯರನ್ನು ಕೇಳಿಯೇ ಬರೆದಿದ್ದಾರಂತೆ,” ಎಂದಳು ಜೀವಿತಾ.

ಕಾರ್ಯಪ್ಪಣ್ಣ ನನ್ನ ಕಡೆ ತಿರುಗಿದರು. “ಚೋಂದಮ್ಮ, ನೀನು ಹೇಳು ಇವಕ್ಕೆ.”

“ಹಾಂ ಆಂಟಿ, ನೀವೇ ಬತಾವೋ,” ಎಂದ ಸೃಜನ್.

ಅಕ್ಕ, ನನ್ನ ಬಾಯಲ್ಲಿ ಲಾಡು ಇತ್ತು. ನುಂಗಲೂ ಇಲ್ಲ, ಹೇಳಲೂ ಇಲ್ಲ. ಹೇಳಿದ್ದರೆ, ಬರೆಸಿದವರು ಯಾರು ಎಂಬುದೂ ಬರುತ್ತಿತ್ತು. ಕಾರ್ಯಪ್ಪಣ್ಣ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೂತು, “ಇರಬಹುದು. ನನಗೇ ಮರೆವು ಬಂದಿದೆ. ಮೊನ್ನೆ ಕನ್ನಡಕವನ್ನೂ ಫ್ರಿಜ್ಜಿನಲ್ಲಿ ಇಟ್ಟಿದ್ದೆ,” ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಆ ನಗು ನನಗೆ ಗೊತ್ತಿರುವ ನಗು.

ಏನು ಮಾಡಲಿ?

ಚೋಂದು


ಗೋಣಿಕೊಪ್ಪ
8 ನವೆಂಬರ್ 2024

ಚೋಂದು,

ನಾನೂ ನಕ್ಕಿದ್ದೆ, ಆ ಪಾಲು ನನಗಿರಲಿ. ಚಪ್ಪಲಿ ಬಾವಿಗೆ ಹಾಕಿದರೆ ಬಾವಿಯ ನೀರು ಕುಡಿಯುವವರು ಯಾರು ಎಂದು ಆಗಲೂ ನಾವು ಯೋಚಿಸಿರಲಿಲ್ಲ.

ಆ ಬರೆಯುವವನ ಮೇಲಿನ ಸಿಟ್ಟು ಬಿಡು ಎಂದು ನಾನು ಹೇಳುವುದಿಲ್ಲ. ಸಿಟ್ಟು ಇಟ್ಟುಕೋ. ಆದರೆ ನಿನ್ನ ಗಂಡ ಬದುಕಿದ್ದಿದ್ದರೆ ಆ ಪುಸ್ತಕ ಓದಿದ ಮರುದಿನವೇ ಅವನಿಗೆ ತಿದ್ದುಪಡಿ ಬರೆಯುತ್ತಿದ್ದ. ವಾಚ್‌ಮನ್ ಎಂದಿದ್ದರೂ ಬರೆಯುತ್ತಿದ್ದ. ದುಂಡಗೆ ಪ್ರತಿ ಮಾಡಿಕೊಡು ಎಂದು ನಿನ್ನ ಮುಂದೆಯೇ ಇಡುತ್ತಿದ್ದ.

ಮೊದಲು ಕಾರ್ಯಪ್ಪಣ್ಣನ ಮನೆಗೆ ಹೋಗು.

ಚಿಣ್ಣಮ್ಮ


ಫರೀದಾಬಾದ್
16 ನವೆಂಬರ್ 2024

ಮಾನ್ಯ ಸವಡಿಯವರಿಗೆ,

ನೀವು ಕೇಳಿದ ಲೇಖನ ಇದು. ಒಂದು ಅಕ್ಷರವನ್ನೂ ಬದಲಿಸದೆ ಪುಸ್ತಿಕೆಗೆ ಹಾಕಬೇಕು.

*ನಾವು ಮೆಚ್ಚಿದ ಕಾದಂಬರಿಕಾರರು*

*ಮಹಂತೇಶ ಸವಡಿಯವರ ಪುಸ್ತಕ ಕೈಗೆ ಬಂದರೆ ನಮ್ಮ ಮನೆಯಲ್ಲಿ ಸಾರು ಸೀಯುತ್ತಿತ್ತು. ಇದು ನಿಜ. ನನ್ನ ಗಂಡ ಹವಾಲ್ದಾರ್ ಮಾಚಯ್ಯ ಅವರ ಮೊದಲ ಕಾದಂಬರಿ ಓದಿದ್ದು ಸಿಕ್ಕಿಂ ಗಡಿಯಲ್ಲಿ. ಹಿಮ ಬಿದ್ದು ದಾರಿ ಮುಚ್ಚಿದ ಹನ್ನೊಂದು ದಿನ, ಒಂದೇ ಪುಸ್ತಕವನ್ನು ಕನ್ನಡ ಬರುವ ನಾಲ್ವರು ಜವಾನರು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದಿದರಂತೆ. ಮುಂದಿನ ಹಾಳೆ ಯಾರ ಹತ್ತಿರ ಇದೆಯೋ ಅವನಿಗೆ ಆ ದಿನ ರಮ್ ಜಾಸ್ತಿ.*

*ನನ್ನ ಗಂಡ ಪ್ರಾಣಿದಳದಲ್ಲಿದ್ದವರು. ಹದಿನೇಳು ವರ್ಷ ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿದವರು. ಕಾದಂಬರಿಯಲ್ಲಿ ಪ್ರಾಣಿಯ ವಿಷಯ ತಪ್ಪಿದ್ದರೆ ಬರೆದು ತಿಳಿಸುತ್ತಿದ್ದರು. ಗೊರಸಿಗೆ ಗೋಣಿ ಕಟ್ಟುವುದು, ಹೊಳೆ ದಾಟುವಾಗ ಮುದಿ ಹೆಣ್ಣು ಹೇಸರಗತ್ತೆಯನ್ನು ಮುಂದೆ ಬಿಡುವುದು, ಗಾಯಗೊಂಡವನನ್ನು ಅದರ ಬೆನ್ನಿಗೆ ಅಡ್ಡಲಾಗಿ ಅಲ್ಲ, ಉದ್ದಕ್ಕೆ ಕಟ್ಟುವುದು, ಇವೆಲ್ಲ ಅವರು ಬರೆದ ಪತ್ರಗಳಿಂದ ಕಾದಂಬರಿಗಳಿಗೆ ಹೋದವು. ಲೇಖಕರು ಪ್ರತಿ ಪತ್ರಕ್ಕೂ ಉತ್ತರ ಬರೆದರು. ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ. ನನ್ನ ಗಂಡ ಕೇಳಲೂ ಇಲ್ಲ.*

*ಕಳೆದ ವರ್ಷ ಇದೇ ಬಳಗದ ಸಂಚಿಕೆಯಲ್ಲಿ ಲೇಖಕರು ಅವರನ್ನು, ನಗಲಿಕ್ಕೆ ಬೇಕಾದ ವಾಚ್‌ಮನ್ ಎಂದರು. ನೀವೆಲ್ಲ ನಕ್ಕಿರಿ. ನನ್ನ ಗಂಡ ಆಮೇಲೆ ಒಂದು ತಿಂಗಳು ಬದುಕಿದರು, ಒಂದು ಸಾಲೂ ಓದಲಿಲ್ಲ.*

*ಅದಕ್ಕೆ ನಾನು ಸೇಡು ತೀರಿಸಿಕೊಂಡೆ. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಹುಟ್ಟಿಗೆ ಎರಡು ಎಂದು ಲೇಖಕರಿಗೆ ನಾನು ಬೇಕೆಂದೇ ಸುಳ್ಳು ಬರೆದೆ. ಅವರು ಯಾರನ್ನೂ ಕೇಳದೆ ಅಚ್ಚು ಮಾಡಿದರು. ಇಬ್ಬರು ತಿಳಿದವರು ಹೇಳಿದರೂ ಕೇಳಲಿಲ್ಲ. ಇಪ್ಪತ್ತೊಂದು ವರ್ಷ ಒಬ್ಬರ ತಿದ್ದುಪಡಿಗಳನ್ನು ಬರೆದ ಕೈಯಿಂದಲೇ ಆ ಸುಳ್ಳನ್ನು ಬರೆದೆ. ‘ಕಡಂಗದ ಕಾವಲು’ ಮನೆಯಲ್ಲಿರುವವರು ಕೊನೆಯ ಪುಟ ತೆರೆದು, ಎರಡು ಎಂದಿರುವಲ್ಲಿ ಒಂದು ಎಂದು ತಿದ್ದಿಕೊಳ್ಳಬೇಕು.*

*ಚೋಂದಮ್ಮ ಮಾಚಯ್ಯ*


ವಸಂತ್ ಕುಂಜ್
22 ನವೆಂಬರ್ 2024

ಚೋಂದಮ್ಮನವರಿಗೆ,

ಎರಡು ದಿನ ಲೇಖನಿ ಹಿಡಿಯಲಾಗಲಿಲ್ಲ.

ವಾಚ್‌ಮನ್ ಎಂದದ್ದು ನಿಜವಾಗಿಯೂ ನೆನಪಿರಲಿಲ್ಲ. ಹಳೆಯ ಸಂಚಿಕೆ ಹುಡುಕಿ ನೋಡಿದೆ. ಇದೆ. ಸಂದರ್ಶನ ರುಚಿಯಾಗಿರಲೆಂದು ಆಡಿದ ಮಾತು. ಅವರು ಬೇಸರಪಟ್ಟು ಬರೆದಿದ್ದರೆ ಅಂದೇ ಕ್ಷಮೆ ಕೇಳುತ್ತಿದ್ದೆ. ಆದರೆ ಒಂದು ಮಾತು ಹೇಳಬೇಕು: ಸುಳ್ಳು ಬರೆದವರು ನೀವು. ನನ್ನ ತಪ್ಪು ನಂಬಿದ್ದು. ಹಾಳೆ ಕಳಿಸಿ ಕೇಳಿದಾಗಲೂ ‘ಸರಿಯಾಗಿದೆ’ ಎಂದಿರಿ.

ನನಗೆ ಎಪ್ಪತ್ತಾರು. ಇದು ನನ್ನ ಕೊನೆಯ ಕಾದಂಬರಿ ಎಂದು ಡಾಕ್ಟರೂ ಹೇಳಿದ್ದಾರೆ, ನನ್ನ ಬೆರಳುಗಳೂ ಹೇಳುತ್ತಿವೆ. ಓದುಗರು ಕರೆದು ಶಾಲು ಹೊದಿಸುವ ಸಭೆಯಲ್ಲಿ ಇದನ್ನು ಓದಿಸಬೇಡಿ.

ಜನವರಿಯಲ್ಲಿ ಎರಡನೇ ಮುದ್ರಣ ಬರುತ್ತದೆ. ಕೊನೆಯ ಪುಟವನ್ನು ಸದ್ದಿಲ್ಲದೆ ತಿದ್ದುತ್ತೇನೆ. ಅರ್ಪಣೆಯ ಪುಟದಲ್ಲಿ ‘ನನ್ನ ಪ್ರಾಣಿಗಳಿಗೆ ನಡೆಯಲು ಕಲಿಸಿದ ಹವಾಲ್ದಾರ್ ಮಾಚಯ್ಯನವರಿಗೆ’ ಎಂದು ಅಚ್ಚು ಹಾಕಿಸುತ್ತೇನೆ. ನೀವು ಲೇಖನ ಹಿಂದಕ್ಕೆ ಪಡೆಯಿರಿ. ನಿಮ್ಮ ಮಾನವೂ ಉಳಿಯುತ್ತದೆ, ನನ್ನದೂ.

ಮಹಂತೇಶ ಸವಡಿ


ಫರೀದಾಬಾದ್
29 ನವೆಂಬರ್ 2024

ಮಾನ್ಯ ಸವಡಿಯವರಿಗೆ,

ನೀವು ಬರೆದ ಅರ್ಪಣೆಯ ಸಾಲನ್ನು ನಾಲ್ಕು ಸಲ ಓದಿದೆ. ಚೆನ್ನಾಗಿದೆ. ಅವರ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆ ನನಗಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆ ಸಾಲಿಗಾಗಿ ಹೋದ ವರ್ಷವಾದರೆ ನಾನು ಏನು ಬೇಕಾದರೂ ಬಿಡುತ್ತಿದ್ದೆ.

ಈಗ ಆಗುವುದಿಲ್ಲ. ಸದ್ದಿಲ್ಲದೆ ತಿದ್ದಿದರೆ ಎರಡನೇ ಮುದ್ರಣ ಕೊಂಡವರಿಗೆ ಮಾತ್ರ ತಿಳಿಯುತ್ತದೆ. ಮೊದಲನೆಯದನ್ನು ಓದಿದವರಿಂದ ನೂರಕ್ಕೂ ಹೆಚ್ಚು ಪತ್ರ ಬಂದಿವೆ ಎಂದು ನೀವೇ ಬರೆದಿದ್ದೀರಿ. ಅವರಿಗೆ ಹೇಳುವವರು ಯಾರು? ಮಾಚಯ್ಯನವರ ಹೆಸರನ್ನು ನನ್ನ ಬಾಯಿ ಮುಚ್ಚಲು ಕೊಡುತ್ತಿದ್ದೀರಿ. ಅವರು ಬದುಕಿದ್ದಾಗ ಆ ಹೆಸರು ನಿಮ್ಮ ಹತ್ತಿರವೇ ಇತ್ತು, ಇಪ್ಪತ್ತೊಂದು ವರ್ಷ.

ಸುಳ್ಳು ಬರೆದವಳು ನಾನೇ. ಅದಕ್ಕೆ ನೀವು ಏನು ಅಂದರೂ ಸರಿ. ಹೋದ ಭಾನುವಾರ ಕಾರ್ಯಪ್ಪ ಎಂಬ ನಮ್ಮ ಹಿರಿಯರ ಮನೆಗೆ ಹೋಗಿ, ಅವರ ಮಗ ಸೊಸೆಯ ಮುಂದೆ ಎಲ್ಲವನ್ನೂ ಹೇಳಿದೆ. ನಿಮ್ಮ ಪುಸ್ತಕ ನಂಬಿ, ಹುಟ್ಟಿದ ಮಗುವಿನ ಮನೆಯಲ್ಲಿ ಎರಡು ಸದ್ದು ಮಾಡಿಸಿದವರು ಅವರು. ಮಗ, “ವೈ, ಆಂಟಿ?” ಎಂದು ಒಂದೇ ಸಲ ಕೇಳಿದ. ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾರ್ಯಪ್ಪಣ್ಣ, “ಹಾಗಾದರೆ ನನಗೆ ಮರೆವು ಬಂದಿಲ್ಲ,” ಎಂದರು. ಲಿಫ್ಟಿನವರೆಗೆ ಕಳಿಸಲು ಯಾವಾಗಲೂ ಬರುತ್ತಿದ್ದವರು ಬರಲಿಲ್ಲ. ದಿಲ್ಲಿಯಲ್ಲಿ ನನಗಿದ್ದದ್ದು ಅದೊಂದು ಮನೆ.

ನನಗೆ ಆಗಬೇಕಾದದ್ದು ಶುರುವಾಗಿದೆ. ನಿಮಗೆ ಎಂಟರ ಭಾನುವಾರ.

ಲೇಖನದ ಇನ್ನೊಂದು ಪ್ರತಿ ಮಾಡಿ ಅನಂತಮೂರ್ತಿಯವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅವರು ಅಚ್ಚು ಮಾಡಲಿ, ಬಿಡಲಿ. ಎಂಟನೇ ತಾರೀಖು ಹನ್ನೊಂದು ಗಂಟೆಗೆ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ನಿಮಗೆ ಶಾಲು ಹೊದಿಸುವಾಗ ನಾನೂ ಚಪ್ಪಾಳೆ ತಟ್ಟುತ್ತೇನೆ, ಆ ಹದಿನಾಲ್ಕು ಪುಸ್ತಕಗಳಿಗೆ.

ಆಮೇಲೆ ಆ ಲೇಖನವನ್ನು ಓದಬೇಕು. ನೀವು ಓದುತ್ತೀರೋ, ನಾನು ಓದಲೋ, ಅದನ್ನಷ್ಟು ತೀರ್ಮಾನಿಸಿಕೊಂಡು ಬನ್ನಿ.

ಇತಿ,
ಚೋಂದಮ್ಮ ಮಾಚಯ್ಯ